ಹೊಟ್ಟೀ ಸಲುವಾಗಿ ಕುಲಾ ಬಿಟ್ಟವರೇ? ಗುಳೇದಗುಡ್ಡದ ಸಭೆಯ ಮೊದಲ ದಿನಗಳು

ನಮ್ಮ ಗಲಗಲಿಯಲ್ಲಿ ಚರಿತ್ರೆ ಎಂದರೆ ಕೃಷ್ಣೆಯ ದಂಡೆ, ಹರಿದಾಸರು, ಗಲಗಲಿ ಅವ್ವ. ಅಷ್ಟನ್ನೇ ಕೇಳಿ ಬೆಳೆದವನು ನಾನು. ಬೀಳಗಿ, ಬಾಗಲಕೋಟೆ ದಾಟಿ ಹೋದರೆ ಸಿಗುವ ಗುಳೇದಗುಡ್ಡದಲ್ಲಿ ನೂರೆಪ್ಪತ್ತು ವರ್ಷಕ್ಕೂ ಹಳೆಯ ಪ್ರೊಟೆಸ್ಟೆಂಟ್ ಸಭೆಯೊಂದಿದೆ ಎನ್ನುವುದು ಗೊತ್ತಾದದ್ದು ಪತ್ರಿಕೋದ್ಯಮ ಓದಲು ಹೋದ ಮೇಲೆ. ಅದಕ್ಕೂ ಮೊದಲು ನಮ್ಮ ಕಡೆಯ ಕ್ರೈಸ್ತರ ಬಗ್ಗೆ ಕಿವಿಗೆ ಬಿದ್ದದ್ದು ಒಂದೇ ಮಾತು: “ಅವ್ರು ಬರಗಾಲದಾಗ ಹೊಟ್ಟೀ ಸಲುವಾಗಿ ಕುಲಾ ಬಿಟ್ಟಾವ್ರು ತಮ್ಮಾ.” ಹೇಳುವವರ ಮಾತಿನಲ್ಲಿ ಸಿಟ್ಟೂ ಇರುವುದಿಲ್ಲ. ಮೊನ್ನೆ ಮಳೆ ಬಂತು ಅಂದಂತೆ ಹೇಳಿಬಿಡುತ್ತಾರೆ.

ನಾವು ವರದಿಗಾರಿಕೆ ಕಲಿತವರು. ಮೊದಲು ತಾರೀಖು ನೋಡಬೇಕು. ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಹಿಂದಿನ ವರ್ಷದ ಕಂಪನಿ ಸನದಿನಿಂದಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆದಿತ್ತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ದೊಡ್ಡ ಬರ ಬಿದ್ದದ್ದು 1876ರಿಂದ 78ರವರೆಗೆ. ಅಂದರೆ ಗುಳೇದಗುಡ್ಡದ ಕೇಂದ್ರ ಶುರುವಾಗಿ ಇಪ್ಪತ್ತೈದು ವರ್ಷ ಆದ ಮೇಲೆ! ಬರದಲ್ಲಿ ಮಿಶನ್ನಿನ ಅನಾಥಾಲಯಗಳಿಗೆ ಮಕ್ಕಳು ಬಂದದ್ದು ನಿಜ. ಆಗ ನಮ್ಮದು ಕಲಾದಗಿ ಜಿಲ್ಲೆ. 1872ರಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಗೆ ಆರೂವರೆ ಲಕ್ಷಕ್ಕೂ ಕೆಳಗಿಳಿಯಿತು. ಹಾಗೆ ಸಾಯುತ್ತಿದ್ದ ನಾಡಿನಲ್ಲಿ ಒಂದು ಕೂಸು ಯಾರ ಕೈಯ ಗಂಜಿ ಕುಡಿದು ಬದುಕಿತು ಎಂದು ಹಂಗಿಸುವುದರಲ್ಲಿ ಏನು ದೊಡ್ಡಸ್ತಿಕೆಯೋ ನನಗೆ ತಿಳಿಯದು. ಅದಿರಲಿ, ಮೊದಲು ಬಂದವರ ಕಥೆ ಬೇರೆ.

ಜುಲೈ 1 ಬಂದರೆ ನಾವೆಲ್ಲ ಹರ್ಮನ್ ಮೋಗ್ಲಿಂಗರ ಫೋಟೋಕ್ಕೆ ಹಾರ ಹಾಕುತ್ತೇವೆ, 1843ರ ‘ಮಂಗಳೂರ ಸಮಾಚಾರ’ದ ನೆನಪಿಗೆ. ಅದೇ ಮೋಗ್ಲಿಂಗರು ಪತ್ರಿಕೆ ಶುರುಮಾಡುವ ಮೊದಲು ಧಾರವಾಡ, ಹುಬ್ಬಳ್ಳಿಯ ಭಾಗದಲ್ಲಿ ಓಡಾಡಿದವರು. ಆ ದಿನಗಳಲ್ಲಿ, ಅಂದರೆ 1840ರ ಆಜುಬಾಜು, ಅಲ್ಲಿನ ಮಿಶನರಿಗಳನ್ನು ಹುಡುಕಿಕೊಂಡು ಕಾಲಜ್ಞಾನದ ಪಂಥದವರು ಬಂದರು. ಲಿಂಗಾಯತರ ನಡುವೆಯೇ ಇದ್ದ ಗುಂಪು. ಪರದೇಶದವರು ಬಂದು ನಿಜವಾದ ಧರ್ಮ ತಿಳಿಸುತ್ತಾರೆ, ಕಾಲ ಬದಲಾಗುತ್ತದೆ ಎಂಬ ಭವಿಷ್ಯವಾಣಿಯನ್ನು ನಂಬಿದವರು. ಕಾಲಜ್ಞಾನ ಹೇಳಿದವರು ಇವರೇ ಇರಬಹುದೇ ಎಂದು ಕೇಳಲು ಬಂದಿದ್ದರು.

ನನಗೆ ಇಡೀ ಚರಿತ್ರೆಯಲ್ಲಿ ಹೆಚ್ಚು ಹಿಡಿಸಿದ ಭಾಗ ಇದು. ಬಂದವರಿಗೆ ತಮ್ಮದೇ ಒಂದು ಪ್ರಶ್ನೆ ಇತ್ತು, ತಮ್ಮದೇ ವಚನ, ತಮ್ಮದೇ ಗುರು ಇದ್ದರು. ಮಿಶನರಿಗಳಿಗೆ ಮಾತ್ರ ಸಾವಿರಾರು ಜನ ಒಮ್ಮೆಲೇ ಬರುತ್ತಾರೆ ಅನ್ನಿಸಿಬಿಟ್ಟಿತು. ಅವರಿಗಾಗಿಯೇ ಬೆಟಗೇರಿ ಸಮೀಪದ ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸತಿಯೊಂದನ್ನು ಕಟ್ಟಹೊರಟರು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಇವರು ಅವರನ್ನು ತಪ್ಪು ತಿಳಿದರು, ಅವರು ಇವರನ್ನು. ಆದರೂ ಹುಡುಕಿಕೊಂಡು ಹೋದವರು ಹೋದದ್ದು ಹೊಟ್ಟೆ ಹಿಡಿದುಕೊಂಡಲ್ಲ.

ಇನ್ನು ಗುಳೇದಗುಡ್ಡ. ಕುಬಸದ ಖಣದ ಊರು, ನೇಕಾರರ ಊರು. ರಬಕವಿ, ಬನಹಟ್ಟಿ ಕಂಡವರಿಗೆ ಅಂಥ ಊರಿನ ಬದುಕನ್ನು ಬಿಡಿಸಿ ಹೇಳಬೇಕಿಲ್ಲ. ಕುಣಿ ಮಗ್ಗದಲ್ಲಿ ಕೂತವನು ಒಬ್ಬನೇ ಕಂಡರೂ ನೇಯ್ಗೆ ಒಬ್ಬನ ಕೆಲಸವಲ್ಲ. ಕಂಡಿಕೆ ಸುತ್ತಲು ಮನೆಯ ಹೆಣ್ಣುಮಕ್ಕಳು, ಮುದುಕರು. ಓಣಿಯಲ್ಲಿ ಹಾಸು ಚಾಚಿ ಗಂಜಿ ಹಚ್ಚಬೇಕಾದರೆ ಅಕ್ಕಪಕ್ಕದ ನಾಲ್ಕಾರು ಕೈ. ನೂಲು ಕೊಡುವವನು ಸಾವಕಾರ, ನೇಯ್ದದ್ದನ್ನು ಕೊಳ್ಳುವವನೂ ಅವನೇ. ಇಂಥ ಊರಲ್ಲಿ ಒಬ್ಬ ದೀಕ್ಷಾಸ್ನಾನ ತೆಗೆದುಕೊಂಡ ಎಂದರೆ, ಮರುದಿನ ಅವನ ಹಾಸಿನ ಇನ್ನೊಂದು ತುದಿ ಹಿಡಿಯುವವರು ಯಾರು? ಬಾವಿಗೆ ಹೋದ ಹೆಂಡತಿಗೆ ಜಾಗ ಬಿಡುವವರು ಯಾರು? ಮಗಳನ್ನು ತೆಗೆದುಕೊಳ್ಳುವವರು?

1850ರಲ್ಲಿ ಕಂಪನಿ ಸರಕಾರ ಒಂದು ಕಾಯ್ದೆ ತಂದಿತು. ಧರ್ಮ ಬದಲಿಸಿದ ಕಾರಣಕ್ಕೆ, ಜಾತಿಯಿಂದ ಹೊರಹಾಕಿದ ಕಾರಣಕ್ಕೆ ಯಾರಿಗೂ ಆಸ್ತಿಯ ಹಕ್ಕು ತಪ್ಪಬಾರದು ಎಂದು. ಗುಳೇದಗುಡ್ಡದ ಕೇಂದ್ರ ಅದರ ಮರುವರ್ಷ ಶುರುವಾಯಿತು. ಕಾಯ್ದೆಯಿಂದ ಮನೆಯ ಪಾಲು ಸಿಗಬಹುದು, ಹಾಸಿನ ತುದಿ ಹಿಡಿಯುವ ಕೈ ಸಿಗುವುದಿಲ್ಲ. ಕರಾವಳಿಯಲ್ಲಿ ಮಿಶನ್ ನೇಯ್ಗೆ ಕಾರ್ಖಾನೆ, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದರ ಹಿಂದೆ ಇದ್ದದ್ದೂ ಇದೇ ತೊಡಕು. ಕುಲ ಬಿಟ್ಟವನಿಗೆ ಕೆಲಸ ಹೋಗುತ್ತಿತ್ತು. ‘ಹೊಟ್ಟೀ ಸಲುವಾಗಿ’ ಅನ್ನುವ ನಮ್ಮ ಮಾತು ಇಲ್ಲಿಗೆ ಬಂದರೆ ತಲೆಕೆಳಗಾಗುತ್ತದೆ.

ಮಿಶನ್ ಕಾಗದಪತ್ರಗಳನ್ನೂ ಕಣ್ಣು ಮುಚ್ಚಿ ನಂಬಬೇಕೆಂದಲ್ಲ. ಅವು ಜರ್ಮನ್ ಭಾಷೆಯಲ್ಲಿ, ಯುರೋಪಿನಲ್ಲಿ ದೇಣಿಗೆ ಕೊಡುವ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದ ವರದಿಗಳು. ಅಲ್ಲಿ ಮಿಶನರಿ ಮಾತಾಡುತ್ತಾನೆ, ನೇಕಾರ ಕೇಳುತ್ತಾನೆ. ಬಾಸೆಲ್ ನಗರದ ದಾಖಲಾಗಾರದ ಹಳೆಯ ಚಿತ್ರಗಳು ಈಗ ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಅಂಥ ಫೋಟೋಗಳಲ್ಲಿ ಮಿಶನರಿಯ ಹೆಸರು ಇದ್ದೇ ಇರುತ್ತದೆ, ಪಕ್ಕದಲ್ಲಿ ಪಟಗ ಸುತ್ತಿಕೊಂಡು ನಿಂತವನು ಎಷ್ಟೋ ಸಲ ಬರೀ ‘ಕ್ರೈಸ್ತ’.

ಆದರೆ ಸಭೆ ಯಾರದೆಂದು ಮೊದಲ ಮಹಾಯುದ್ಧ ತೋರಿಸಿಕೊಟ್ಟಿತು. 1914ರ ನಂತರ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಹಿಡಿದು ಅಹಮದನಗರದಲ್ಲಿಟ್ಟರು, ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಸರಕಾರದ ವಶವಾದವು. ಹಾಗಿದ್ದೂ ನಮ್ಮ ಕಡೆಯ ಸಭೆಗಳು ಮುಚ್ಚಲಿಲ್ಲ. ಇಲ್ಲಿನ ಸಭಾಪಾಲಕರು, ಹಿರಿಯರು ಇದ್ದರು, ಆರಾಧನೆ ಕನ್ನಡದಲ್ಲಿತ್ತು, ಹಾಡೂ ಕನ್ನಡದ್ದು. ಇಂದು ಅವು ಸಿ.ಎಸ್.ಐ. ಉತ್ತರ ಕರ್ನಾಟಕ ಸಭಾಪ್ರಾಂತದಲ್ಲಿವೆ, ಅದರ ಕೇಂದ್ರ ಧಾರವಾಡ.

ಈ ಸಭೆಗಳ ಹಿರಿಯರನ್ನು ಮಾತಾಡಿಸುವ ಕೆಲಸ ಈಗ ಹಿಡಿದಿದ್ದೇನೆ. ಯಾಕೆ ಹೋದಿರಿ ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಅವರ ಮುತ್ತಜ್ಜನ ಕಾಲದಿಂದ ಎಲ್ಲರೂ ಕೇಳಿಯಾಗಿದೆ. ಕುಲದವರು ಬಿಟ್ಟ ಮೇಲೆ ನಿಮ್ಮ ಮನೆಯ ಹಾಸಿನ ತುದಿ ಹಿಡಿದವರು ಯಾರು ಅಜ್ಜಾ ಎಂದು ಕೇಳುತ್ತೇನೆ.