ಸಣ್ಣಕ್ಷರದ ಸಾಲು

ವೈದ್ಯವಿಜ್ಞಾನದ ಪತ್ರಿಕೆಗಳಲ್ಲಿ ಲೇಖನದ ತುದಿಗೆ ಬಹಳ ಸಣ್ಣ ಅಕ್ಷರದಲ್ಲಿ ಒಂದು ಒಕ್ಕಣೆ ಇರುತ್ತದೆ. ಇಂಥ ಲೇಖಕರು ಇಂಥ ಔಷಧದ ಕಂಪೆನಿಯಿಂದ ಸಂಭಾವನೆ ಪಡೆದಿದ್ದಾರೆ, ಇಂಥವರು ಇನ್ನೊಂದು ಕಂಪೆನಿಯ ಸಲಹೆಗಾರರು, ಮತ್ತೊಬ್ಬರ ಬಳಿ ಷೇರುಗಳಿವೆ, ಉಳಿದವರಿಗೆ ಹೇಳಿಕೊಳ್ಳುವಂಥದೇನೂ ಇಲ್ಲ, ಹೀಗೆ. ಲೇಖನದೊಳಗಿನ ಅಂಕಿಸಂಖ್ಯೆಗಳು ನನ್ನಂಥ ಕನ್ನಡ ಮೇಷ್ಟರಿಗೆ ಎಟುಕುವಂಥವಲ್ಲ. ಈ ಒಕ್ಕಣೆ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ. ಇದು ಯಾರ ಮನೆಯಲ್ಲಿ ಉಂಡೆವೆಂಬುದರ ಲೆಕ್ಕ. ನನಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ವೈದ್ಯನಾದ ನನ್ನ ಸೋದರಳಿಯ ಹೊಸ ಮಾತ್ರೆಯೊಂದನ್ನು ಬರೆದುಕೊಟ್ಟಾಗ, ಅದರ ಮೇಲಿನ ಲೇಖನವನ್ನೂ ಕೇಳಿ ಇಸಿದುಕೊಂಡೆ. ಓದಿದ್ದು ಕೊನೆಯಿಂದ.

ಇದಕ್ಕೆ ಈಗ ‘ಹಿತಾಸಕ್ತಿ ಸಂಘರ್ಷ’ ಎನ್ನುತ್ತಾರೆ. ಎರಡು ಗೂಳಿಗಳು ಕಾದಾಡುವಂತೆ ಕೇಳಿಸುವ ಈ ಮಾತು ನನಗೆ ಹಿಡಿಸದು. ಕಾದಾಟ ಕಣ್ಣಿಗೆ ಕಾಣುವಂತಿದ್ದರೆ ತೊಂದರೆಯಾದರೂ ಎಲ್ಲಿತ್ತು? ನಮ್ಮ ಹಳಗನ್ನಡದಲ್ಲಿ ಇದರ ಬೇರನ್ನು ಮುಟ್ಟುವ ಮಾತಿದೆ: ಜೋಳದ ಪಾಳಿ. ಅನ್ನವಿಟ್ಟವನಿಗೆ ಸಲ್ಲಬೇಕಾದ ನಿಷ್ಠೆ. ಕಾದುವ ವೀರನಿಗೆ ಅದು ಭೂಷಣ. ಸತ್ಯವನ್ನು ತೂಗಿ ಹೇಳಲು ಕುಳಿತವನಿಗೆ ಅದೇ ಭಾರ. ಕರ್ಣನ ಮಟ್ಟಿಗೆ ಒಂದು ಅನುಕೂಲವಿತ್ತು. ಅವನು ಯಾರ ಅನ್ನ ಉಂಡವನೆಂಬುದು ಲೋಕಕ್ಕೆಲ್ಲ ಗೊತ್ತಿತ್ತು. ಕೇಡು ಬಂದದ್ದು ಶಲ್ಯನಿಂದ. ಕರ್ಣನ ಎದೆಗುಂದಿಸುತ್ತೇನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟು, ಅದನ್ನು ಬಾಯಿಬಿಡದೆ ಅವನ ರಥದಲ್ಲೇ ಸಾರಥಿಯಾಗಿ ಕುಳಿತನಲ್ಲ!

ಸಕ್ಕರೆಗೂ ಹೀಗೊಬ್ಬ ಸಾರಥಿ ಸಿಕ್ಕಿದ್ದುಂಟು. 1965ರಲ್ಲಿ ಅಮೆರಿಕದ ಸಕ್ಕರೆ ಉದ್ಯಮದವರ ಶುಗರ್ ರಿಸರ್ಚ್ ಫೌಂಡೇಷನ್ ಸಂಸ್ಥೆ ಹಾರ್ವರ್ಡಿನ ಆಹಾರತಜ್ಞರಿಂದ ಒಂದು ಸಮೀಕ್ಷೆ ಬರೆಯಿಸಿತು. ಕೊಟ್ಟದ್ದು 6,500 ಡಾಲರು. 2016ರ ಬೆಲೆಯಲ್ಲಿ ಸುಮಾರು 50,000. ಕರಡನ್ನು ಸಂಸ್ಥೆಯವರು ಮೊದಲೇ ತರಿಸಿ ನೋಡಿದರು. 1967ರಲ್ಲಿ ಅದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಎರಡು ಕಂತುಗಳಾಗಿ ಬಂತು. ಹೃದ್ರೋಗಕ್ಕೆ ಕೊಬ್ಬನ್ನು ದೂರಬೇಕು, ಸಕ್ಕರೆಯ ಮೇಲಿನ ಆಪಾದನೆಗೆ ಆಧಾರ ಸಾಲದು ಎಂಬುದು ಅದರ ತಾತ್ಪರ್ಯ. ಸೋಜಿಗವೆಂದರೆ, ಆ ವಿದ್ವಾಂಸರ ಬೇರೆ ಪ್ರಯೋಗಗಳಿಗೆ ಹಣವಿತ್ತವರ ಪ್ರಸ್ತಾಪ ಅಲ್ಲಿತ್ತು. ಸಕ್ಕರೆಯವರ ಹೆಸರು ಮಾತ್ರ ಇರಲಿಲ್ಲ. ಹಳೆಯ ಕಾಗದಪತ್ರಗಳನ್ನು ಕೆದಕಿ ಇದನ್ನು 2016ರಲ್ಲಿ ಹೊರಗಿಟ್ಟವರು ಕ್ರಿಸ್ಟಿನ್ ಕರ್ನ್ಸ್ ಮತ್ತು ಅವರ ಸಹೋದ್ಯೋಗಿಗಳು. ಆಕೆ ದಂತವೈದ್ಯೆ. ಸಕ್ಕರೆಯ ಪ್ರತಾಪವನ್ನು ಹಲ್ಲಿನವರಿಗಿಂತ ಬಲ್ಲವರು ಯಾರು?

ಆ ಕಾಲದಲ್ಲಿ ಇಂಥ ಹಣ ಪಡೆಯುವುದು ವಾಡಿಕೆಯಾಗಿತ್ತು, ಆ ವಿದ್ವಾಂಸರು ನಂಬಿದ್ದನ್ನೇ ಬರೆದರು ಎಂದು 2018ರಲ್ಲಿ ಇಬ್ಬರು ಇತಿಹಾಸಕಾರರು ವಾದಿಸಿದರು. ಇರಬಹುದು. ಕೊಬ್ಬೇನೂ ಸಾಧುಪ್ರಾಣಿಯಲ್ಲ. ಆದರೆ ಅರ್ಧ ಶತಮಾನ ಓದಿದವರ ಕೈಗೆ ತಕ್ಕಡಿಯನ್ನು ಕೊಟ್ಟು ಒಂದು ಬಟ್ಟನ್ನು ಬಚ್ಚಿಟ್ಟದ್ದು ಬಚ್ಚಿಟ್ಟದ್ದೇ.

ಅದೇ ಪತ್ರಿಕೆ ಇಂಥ ಸಂಬಂಧಗಳನ್ನು ತಿಳಿಸಬೇಕೆಂದು ನಿಯಮ ಮಾಡಿದ್ದು 1984ರಲ್ಲಿ. ನಿಯಮವಿದ್ದೂ 2018ರಲ್ಲಿ ನ್ಯೂಯಾರ್ಕಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ ಹೊಸೆ ಬಸೆಲ್ಗಾ, ಕಂಪೆನಿಗಳಿಂದ ಬಂದ ಹಣವನ್ನು ಹಲವು ಲೇಖನಗಳಲ್ಲಿ ತಿಳಿಸಿರಲಿಲ್ಲವೆಂಬ ಸುದ್ದಿ ಹೊರಬಿದ್ದು, ರಾಜೀನಾಮೆ ಕೊಡಬೇಕಾಯಿತು. ಬರೆಯುವವರೇ ತುಂಬಬೇಕಾದ ನಮೂನೆ ಅದು. ಸುಂಕದ ಕಟ್ಟೆಯಲ್ಲಿ ಮೂಟೆ ಹೊತ್ತವನನ್ನೇ ಒಳಗೇನಿದೆಯೆಂದು ಕೇಳಿ ಬಿಟ್ಟಂತೆ.

ನಮ್ಮ ಸಾಹಿತ್ಯವಿಮರ್ಶೆಗೂ ಈ ಸಾಲು ಕಡ್ಡಾಯವಾದರೆ? ‘ವಿಮರ್ಶಕರು ಕವಿಯ ಬೀಗರು, ಕವಿ ಇವರ ಸಂಕಲನಕ್ಕೆ ಮುನ್ನುಡಿ ಬರೆದವರು, ಇಬ್ಬರೂ ಒಂದೇ ಪ್ರಶಸ್ತಿ ಸಮಿತಿಯಲ್ಲಿದ್ದಾರೆ.’ ವಿಮರ್ಶೆಗಿಂತ ಸಾಲೇ ಉದ್ದವಾದೀತು. ಆದರೆ ನಮ್ಮನ್ನು ಓದಿ ಯಾರೂ ಮಾತ್ರೆ ನುಂಗುವುದಿಲ್ಲ.

ನಾನು ನುಂಗಬೇಕಾಗಿತ್ತು. ನನ್ನ ಮಾತ್ರೆಯ ಲೇಖನದಲ್ಲಿ ಹನ್ನೊಂದು ಮಂದಿ ಲೇಖಕರು. ಒಂಬತ್ತು ಜನ ಅದನ್ನು ತಯಾರಿಸುವ ಕಂಪೆನಿಯಿಂದ ಏನಾದರೊಂದು ಪಡೆದವರು.

“ಇವರನ್ನು ನಂಬುವುದು ಹೇಗಯ್ಯ?” ಎಂದೆ.

“ಹೇಳಿಕೊಂಡಿದ್ದಾರಲ್ಲ ಮಾವ. ನನಗೆ ಹೇಳದವರ ಭಯ.”

“ಹೇಳಿಕೊಂಡರೆ ಉಂಡದ್ದು ಅರಗಿಹೋಗುತ್ತದೆಯೋ?”

ಅವನು ನಕ್ಕ. ಕಂಪೆನಿಯ ದುಡ್ಡಿಲ್ಲದೆ ನಡೆದ ಪರೀಕ್ಷೆಗಳು ಏನನ್ನುತ್ತವೆಂದು ಹುಡುಕಿ ನೋಡುತ್ತೇನೆಂದ. ಅಲ್ಲಿಯವರೆಗೆ ಹಳೆಯ ಮಾತ್ರೆಯನ್ನೇ ಮುಂದುವರಿಸಲು ಹೇಳಿದ್ದಾನೆ. ಹೊಸದರ ಚೀಟಿ ನನ್ನ ಜೇಬಿನಲ್ಲಿದೆ.