ಮಂಡಿಗೂ ಊಟ ಬೇಕು

ಹೋದ ವರ್ಷ ಶಿಡ್ಲಘಟ್ಟದ ಹತ್ರ ನಮ್ಮಕ್ಕನ ಮನೇಲಿ ಹುಳ ನಾಲ್ಕನೇ ಜ್ವರ ಎದ್ದಿದ್ವು. ಆಗ ಅವಕ್ಕೆ ಎಷ್ಟು ಸೊಪ್ಪು ಹಾಕಿದ್ರೂ ಸಾಲಲ್ಲ, ನಿಮಗೆ ಗೊತ್ತೇ ಐತೆ. ಸಹಾಯಕ್ಕೆ ಅಂತ ನಾನೂ ಹೋದೆ. ಕುಕ್ಕರಗಾಲಲ್ಲಿ ಕೂತು ಸೊಪ್ಪು ಹಾಕಿ ಏಳೋವಾಗ ಮಂಡಿ ಲಟಲಟ ಅಂತು, ಗೋಡೆ ಹಿಡ್ಕೊಂಡೆ. "ನಿಂಗೂ ಬಂತೇನೇ?" ಅಂದ್ಲು ಅಕ್ಕ.

ಮನೆಗೆ ಬಂದೋಳು ನಡೆಯೋದನ್ನೇ ಬಿಟ್ಟೆ. ಸವೆದಿರೋದನ್ನ ಇನ್ನೂ ಯಾಕೆ ಸವೆಸ್ಬೇಕು ಅಂತ ನನ್ನ ಲೆಕ್ಕ. ಅಂಗಡಿಗೆ ಮಗ, ಹಿಟ್ಟಿನ ಗಿರಣಿಗೆ ಯಜಮಾನ್ರು. ಮೂರು ತಿಂಗಳಲ್ಲಿ ತೂಕ ಏರ್ತು, ತೊಡೆಯಲ್ಲಿ ಬಲ ಹೋಯ್ತು, ಬಾಗಿಲ ಮೆಟ್ಟಿಲೇ ನಂದಿ ಬೆಟ್ಟ ಆಯ್ತು.

ಕೊನೆಗೆ ಡಾಕ್ಟ್ರ ಹತ್ರ ಹೋದೆ. "ಬೋರ್ ನೀರಿಂದ ಇರ್ಬೇಕು ಸಾರ್" ಅಂದೆ. ಗೌರಿಬಿದನೂರಿನ ನಮ್ಮ ವಾರಗಿತ್ತಿ ಹಂಗೇ ಹೇಳಿದ್ಲು. ಫ್ಲೋರೈಡ್ ನೀರಿನ ಕಾಟ ನಮ್ಮ ಜಿಲ್ಲೇಲಿ ಇರೋದು ನಿಜ. ಅದು ಹಲ್ಲು ಕಂದಿಸ್ತೈತೆ, ಬೆನ್ನು ಕತ್ತು ಬಿಗಿ ಮಾಡ್ತೈತೆ. ಆದ್ರೆ ನಿಮ್ಮದು ಸವೆತ ಅಂತ ಎಕ್ಸ್‌ರೇ ತೋರಿಸಿದ್ರು.

ಕೀಲಲ್ಲಿ ಮೂಳೆ ತುದಿಗಳ ಮೇಲೆ ಎಳೇ ಕೊಬ್ಬರಿ ಥರ ನುಣ್ಣನೆ ಹೊದಿಕೆ ಇರ್ತೈತೆ, ಅದೇ ಕಾರ್ಟಿಲೇಜು. ಎಕ್ಸ್‌ರೇಲಿ ಅದು ಕಾಣಲ್ಲ, ಅದಿರೋ ಸಂದು ಕಾಣ್ತೈತೆ. ನನ್ನ ಮಂಡಿ ಒಳಪಕ್ಕದ ಸಂದು ಕಿರಿದಾಗಿ, ಅಂಚಲ್ಲಿ ಮೂಳೆ ಮೊಳಕೆ ಒಡೆದಂಗೆ ಚಾಚಿತ್ತು. ಕಾರ್ಟಿಲೇಜಿಗೆ ನರ ಇಲ್ಲ, ಅದಕ್ಕೇ ಸವೆಯೋವಾಗ ಅದು ಕೂಗಲ್ಲ. ಕೆಳಗಿನ ಮೂಳೆಗೆ, ಸುತ್ತಲ ಪೊರೆಗೆ ತಟ್ಟಿದ ಮೇಲೇ ನೋವು. ರಕ್ತನಾಳವೂ ಇಲ್ಲ, ಅದಕ್ಕೇ ಹೋದದ್ದು ಮತ್ತೆ ಸರಿಯಾಗಿ ಬೆಳೆಯಲ್ಲ.

ಹಂಗಾದ್ರೆ ಅದಕ್ಕೆ ಊಟ ಎಲ್ಲಿಂದ? ಕೀಲೊಳಗಿನ ಲೋಳೆಯಂಥ ನೀರಿಂದ. ಹೆಜ್ಜೆ ಊರಿದಾಗ ಸ್ಪಂಜಿನಂಗೆ ಹಿಂಡ್ಕೊಂಡು, ಎತ್ತಿದಾಗ ಹೀರ್ಕೊಳ್ತೈತೆ. ನಾನೋ, ಕೂತು ಕೂತು ಮಂಡಿಯನ್ನ ಉಪವಾಸ ಕೆಡವಿದ್ದೆ!

ಈಗ ಕುರ್ಚಿ ಮೇಲೆ ಕೂತು ಒಂದೊಂದೇ ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸ್ತೀನಿ, ತೊಡೆಗೆ ಬಲ ಬರ್ಲಿ ಅಂತ. ಸಂಜೆ ಸಮ ದಾರೀಲಿ ಅರ್ಧ ಗಂಟೆ ನಡೀತೀನಿ. ಅಕ್ಕಿ ಆರಿಸೋದು, ಅವರೆಕಾಳು ಹಿಸುಕೋದು ಎಲ್ಲ ಕುರ್ಚಿ ಮೇಲೇ. ಮೈತೂಕ 1 ಕೆಜಿ ಇಳಿದ್ರೆ ಒಂದೊಂದು ಹೆಜ್ಜೇಲೂ ಮಂಡಿಗೆ ಸುಮಾರು 4 ಕೆಜಿ ಭಾರ ಕಮ್ಮಿಯಂತೆ. ನಾನು 3 ಕೆಜಿ ಇಳಿದಿದ್ದೀನಿ. ಸವೆದದ್ದೇನೂ ತುಂಬಿಲ್ಲ, ಆದ್ರೆ ಮೆಟ್ಟಿಲು ಮತ್ತೆ ಮೆಟ್ಟಿಲಾಗೈತೆ.

ಅಕ್ಕಂಗೂ ಹೇಳ್ದೆ. "ಹುಳ ಕಾಯ್ತಾವೇನೇ?" ಅಂತ ಮತ್ತೆ ಕುಕ್ಕರಗಾಲಲ್ಲೇ ಕೂತ್ಲು. ಹುಳ ಕಾಯಲ್ಲ ಕಣಕ್ಕಾ, ಮಂಡೀನೂ ಕಾಯಲ್ಲ. ಮುಂದಿನ ಬೆಳೆಗೆ ಬರ್ತೀನಿ, ಒಂದು ಸ್ಟೂಲು ನಾನೇ ತರ್ತೀನಿ.