ಯಾವ ಮಂಜುನಾಥ?

ಹಬ್ಬದ ಹಿಂದಿನ ದಿನ ಆಫೀಸಿಗೊಂದು ಫೋನು. "ಸಾರ್, ಎಲ್ಲರಿಗೂ ದುಡ್ಡು ಬಂದಿದೆ, ನನಗೆ ಮಾತ್ರ ಬಂದಿಲ್ಲ."

ಹುಡುಕಿದೆ. ಫೈಲಿನಲ್ಲಿ ಅವರ ಸಾಲು ಇದೆ, ನನ್ನ ಪರ್ಲ್ ಪ್ರೋಗ್ರಾಮಿನ ಹ್ಯಾಶ್‌ನಲ್ಲಿ ಇಲ್ಲ! ಪ್ರತಿ ಸಾಲನ್ನೂ ಪೈಪ್ ಚಿಹ್ನೆ ಇದ್ದಲ್ಲೆಲ್ಲ ಕತ್ತರಿಸಿ, ಮೊದಲನೇ ಕಾಲಂ, ಅಂದರೆ ಹೆಸರನ್ನೇ ಕೀ ಮಾಡಿ ತುಂಬುತ್ತಿದ್ದೆ. ಕೆಳಗೆಲ್ಲೋ ಅದೇ ಹೆಸರಿನ ಇನ್ನೊಬ್ಬರು ಬಂದು ಇವರ ಜಾಗದಲ್ಲಿ ಕೂತುಬಿಟ್ಟಿದ್ದರು. ಒಂದೇ ಕೀಗೆ ಎರಡನೇ ಸಲ ಬರೆದರೆ ಪರ್ಲ್ ಹಳೆಯದನ್ನು ಸದ್ದಿಲ್ಲದೆ ಅಳಿಸುತ್ತೆ. ವಾರ್ನಿಂಗ್ಸ್ ಹಾಕಿದ್ದರೂ ಒಂದು ಮಾತಿಲ್ಲ. ತಪ್ಪು ಅದರದ್ದಲ್ಲ ಬಿಡಿ, ನಂದೇ.

ರಾತ್ರಿ ಅಮ್ಮನ ಹತ್ತಿರ ಮಾತಾಡ್ತಾ, "ಮಂಜುನಾಥ ಸಿಕ್ಕಿದ್ದ" ಅಂದೆ.

"ಯಾವ ಮಂಜುನಾಥನೋ? ಗಿರಣಿಯವನಾ, ಮೇಷ್ಟ್ರ ಮಗನಾ, ಕೆರೆ ಕೆಳಗಿನ ಮನೆಯವನಾ?"

ನಗು ಬಂತು. ಬರೀ ಹೆಸರು ಸಾಲದು ಅಂತ ಅಮ್ಮನಿಗೆ ಗೊತ್ತು. ಒಬ್ಬನಿಗೆ ಕಸುಬು, ಒಬ್ಬನಿಗೆ ಅಪ್ಪ, ಇನ್ನೊಬ್ಬನಿಗೆ ಮನೆ. ಇಂಜಿನಿಯರಿಂಗ್ ಓದಿದ ನನಗೆ ಇಷ್ಟು ಹೊಳೆದಿರಲಿಲ್ಲ.

ಮರುದಿನ ಕೂತು ತಿದ್ದಿದೆ. ಫೈಲಿನ ಮೊದಲ ಸಾಲಿನಿಂದ ಕಾಲಂಗಳ ಹೆಸರು ತಗೊಂಡೆ. ಯಾವ ಫೈಲಿಗೆ ಯಾವ ಕಾಲಂಗಳು ಕೀ ಅನ್ನೋದನ್ನ ಪ್ರೋಗ್ರಾಮಿನಿಂದ ಹೊರಗೆ ತಂದು ಒಂದು ಪಟ್ಟಿಯಲ್ಲಿಟ್ಟೆ: ಒಂದಕ್ಕೆ ಖಾತೆ ನಂಬರು, ಇನ್ನೊಂದಕ್ಕೆ ಶಾಖೆ ಮತ್ತು ಸಂಖ್ಯೆ. ಹ್ಯಾಶ್ ಸ್ಲೈಸ್ ಬಳಸಿದರೆ ಆ ಕಾಲಂಗಳ ಬೆಲೆಗಳೆಲ್ಲ ಒಂದೇ ಏಟಿಗೆ ಕೈಗೆ ಸಿಗ್ತವೆ, 'ಜಾಯಿನ್' ಮಾಡಿದರೆ ಕೀ ತಯಾರು.

ನೀವೂ ಮಾಡೋದಾದರೆ ಮೂರು ಮಾತು. ನಡುವೆ ಏನೂ ಇಡದೆ ಅಂಟಿಸಬೇಡಿ. 1 ಮತ್ತು 23 ಸೇರಿದರೂ 123, 12 ಮತ್ತು 3 ಸೇರಿದರೂ 123. ಡೇಟಾದಲ್ಲಿ ಬರದ ಚಿಹ್ನೆಯೊಂದನ್ನು ಮಧ್ಯೆ ಇಡಿ. 'ಸ್ಪ್ಲಿಟ್'ಗೆ ಮಿತಿಯಾಗಿ -1 ಕೊಡಿ, ಇಲ್ಲದಿದ್ದರೆ ಸಾಲಿನ ಕೊನೆಯ ಖಾಲಿ ಕಾಲಂಗಳನ್ನು ಅದು ಬಿಟ್ಟುಬಿಡುತ್ತೆ. ಎಲ್ಲಕ್ಕಿಂತ ಮುಖ್ಯ, ತುಂಬೋ ಮೊದಲು ಆ ಕೀ ಆಗಲೇ ಇದೆಯಾ ಅಂತ 'ಎಕ್ಸಿಸ್ಟ್ಸ್' ಬಳಸಿ ಕೇಳಿ. ಇದ್ದರೆ ಅಲ್ಲೇ ನಿಲ್ಲಿಸಿ ಕೂಗಿಸಿ.

ಅವರ ದುಡ್ಡು ಹಬ್ಬ ಮುಗಿದ ಎರಡು ದಿನಕ್ಕೆ ಸೇರಿತು. ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸಾರ್" ಅಂದರು. ಹಬ್ಬ ಹೇಗಾಯ್ತು ಅಂತ ಕೇಳೋ ಧೈರ್ಯ ಮಾತ್ರ ನನಗಾಗಲಿಲ್ಲ.